ಮನೆಯ ಕಂಪ್ಯೂಟರಿನಲ್ಲಿ 5.1 ಸರೌಂಡ್ ಧ್ವನಿ: ಮಿಕ್ಸಿಂಗ್ ಮತ್ತು ಎನ್‌ಕೋಡಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೀರಿಯೋ ಮಿಕ್ಸಿಂಗ್ ಈಗಾಗಲೇ ಬಲ್ಲವರು ತಮ್ಮ ಕಿರುಚಿತ್ರಕ್ಕೋ ಸಂಗೀತ ಧ್ವನಿಮುದ್ರಣಕ್ಕೋ ಆರು ಚಾನೆಲ್‌ಗಳ ಧ್ವನಿಯನ್ನು ಸಿದ್ಧಪಡಿಸಲು ಹೊರಟಾಗ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಉತ್ತರಿಸಲಾಗಿದೆ. ಫಲಿತಾಂಶ ಕೆಟ್ಟಾಗ ಎಲ್ಲರೂ ಮೊದಲು ದೂರುವುದು ಎನ್‌ಕೋಡರನ್ನು, ಅಂದರೆ ಸಿದ್ಧವಾದ ಧ್ವನಿಯನ್ನು ಸಂಕುಚಿತ ಫೈಲಾಗಿ ಮಾರ್ಪಡಿಸುವ ಸಾಫ್ಟ್‌ವೇರನ್ನು. ನನ್ನ ಅನುಭವದಲ್ಲಿ ಬಹುಪಾಲು ತೊಂದರೆಗಳು ಅದಕ್ಕಿಂತ ಬಹಳ ಮೊದಲೇ, ಸರಿಯಾದ ಧ್ವನಿ ಸರಿಯಾದ ಸ್ಪೀಕರಿನಿಂದ ಸರಿಯಾದ ಮಟ್ಟದಲ್ಲಿ ಬರುತ್ತಿದೆಯೇ ಎಂದು ನೋಡಿಕೊಳ್ಳದೆ ಕೆಲಸ ಶುರುಮಾಡಿದಾಗಲೇ ಹುಟ್ಟಿಕೊಂಡಿರುತ್ತವೆ. ಆ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕಾಗಿಯೇ.

5.1 ಎಂದರೆ ನಿಖರವಾಗಿ ಏನು?

ಮುಂದೆ ಎಡ, ಮಧ್ಯ ಮತ್ತು ಬಲ, ಪಕ್ಕದಲ್ಲಿ ತುಸು ಹಿಂದಕ್ಕೆ ಎಡ ಸರೌಂಡ್ ಮತ್ತು ಬಲ ಸರೌಂಡ್, ಹೀಗೆ ಪೂರ್ಣ ಶ್ರುತಿವ್ಯಾಪ್ತಿಯ ಐದು ಚಾನೆಲ್‌ಗಳು. ಇವುಗಳ ಜೊತೆಗೆ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆಂದೇ ಮೀಸಲಾದ, ಎಲ್‌ಎಫ್‌ಇ (ಲೋ-ಫ್ರೀಕ್ವೆನ್ಸಿ ಎಫೆಕ್ಟ್ಸ್) ಎಂದು ಕರೆಯುವ ಆರನೆಯ ಚಾನೆಲ್. ಅದು ಶ್ರುತಿವ್ಯಾಪ್ತಿಯ ಒಂದು ಸಣ್ಣ ತುಣುಕನ್ನು ಮಾತ್ರ ಒಯ್ಯುವುದರಿಂದ ಅದನ್ನು ‘.1’ ಎಂದು ಬರೆಯುವ ರೂಢಿ ಬಂದಿದೆ. 7.1 ವ್ಯವಸ್ಥೆಯಲ್ಲಿ ಪಕ್ಕದ ಜೋಡಿಯೂ ಹಿಂಬದಿಯ ಜೋಡಿಯೂ ಬೇರೆ ಬೇರೆಯಾಗಿರುತ್ತವೆ. ಮೊದಲ ಬಾರಿ ಕೈಹಾಕುವವರು 5.1ರಲ್ಲೇ ನಿಲ್ಲುವುದು ಒಳ್ಳೆಯದು.

ಎಲ್‌ಎಫ್‌ಇ ಚಾನೆಲ್ಲೂ ಸಬ್‌ವೂಫರೂ ಒಂದೇ ಅಲ್ಲವೇ?

ಅಲ್ಲ. ಎಲ್‌ಎಫ್‌ಇ ಎಂಬುದು ಫೈಲಿನೊಳಗಿನ ಒಂದು ಚಾನೆಲ್, ಸಬ್‌ವೂಫರ್ ಎಂಬುದು ಕೋಣೆಯಲ್ಲಿರುವ ಒಂದು ಪೆಟ್ಟಿಗೆ. ಕೇಳುಗರ ಮನೆಯ ರಿಸೀವರ್ (ಧ್ವನಿಯನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್), ಚಿಕ್ಕ ಸ್ಪೀಕರುಗಳು ತಾಳಲಾರದ ಮಂದ್ರ ಸದ್ದನ್ನು ಐದೂ ಚಾನೆಲ್‌ಗಳಿಂದ ಸಾಮಾನ್ಯವಾಗಿ 80 ಹರ್ಟ್ಸ್ ಬಳಿ ಕತ್ತರಿಸಿ, ಎಲ್‌ಎಫ್‌ಇಯ ಜೊತೆ ಸೇರಿಸಿ ಸಬ್‌ವೂಫರಿಗೆ ಕಳುಹಿಸುತ್ತದೆ. ಇದನ್ನು ಬಾಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಆದ್ದರಿಂದ ತಬಲದ ಡಗ್ಗಾವನ್ನಾಗಲಿ, ಬಾಸ್ ಗಿಟಾರನ್ನಾಗಲಿ ‘ಸಬ್‌ವೂಫರ್ ಕೆಲಸ ಮಾಡಲಿ’ ಎಂಬ ಕಾರಣಕ್ಕೆ ಎಲ್‌ಎಫ್‌ಇಗೆ ತುಂಬಬೇಕಾಗಿಲ್ಲ. ಅವು ತಮ್ಮ ಮುಖ್ಯ ಚಾನೆಲ್‌ನಲ್ಲಿದ್ದರೂ ಸಬ್‌ವೂಫರಿನಲ್ಲಿ ಕೇಳಿಸಿಯೇ ಕೇಳಿಸುತ್ತವೆ. ಸ್ಫೋಟ, ಗುಡುಗು, ಕಟ್ಟಡ ಕುಸಿಯುವ ಸದ್ದು, ಇಂಥ ಹೆಚ್ಚುವರಿ ಬಲ ಬೇಡುವ ಕ್ಷಣಗಳಿಗೆ ಮಾತ್ರ ಎಲ್‌ಎಫ್‌ಇಯನ್ನು ಉಳಿಸಿಕೊಳ್ಳಿ. ಇಡೀ ಕೃತಿಯಲ್ಲಿ ಆ ಚಾನೆಲ್ ಮೌನವಾಗಿದ್ದರೂ ಅದು ದೋಷವಲ್ಲ.

ಇನ್ನೊಂದು ಸಂಗತಿ ಬಹಳ ಜನರನ್ನು ಎಡವಿಸುತ್ತದೆ. ಸಿನಿಮಾ ಪದ್ಧತಿಯ ಪ್ರಕಾರ ಎಲ್‌ಎಫ್‌ಇ ಚಾನೆಲ್ ನುಡಿಯುವಾಗ ತನ್ನ ಶ್ರುತಿವ್ಯಾಪ್ತಿಯಲ್ಲಿ ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬಲ್ ಜೋರಾಗಿ ಕೇಳಿಸಬೇಕು. ಮನೆಯ ರಿಸೀವರ್ ಡಿಕೋಡ್ ಮಾಡುವಾಗ ಈ ಹೆಚ್ಚಳವನ್ನು ತಾನೇ ಕೊಡುತ್ತದೆ, ಕಂಪ್ಯೂಟರಿನ ಆರು ಚಾನೆಲ್‌ಗಳ ಅನಲಾಗ್ ಔಟ್‌ಪುಟ್ ಸಾಮಾನ್ಯವಾಗಿ ಕೊಡುವುದಿಲ್ಲ. ನನ್ನ ಮೊದಲ 5.1 ಮಿಕ್ಸ್‌ನಲ್ಲಿ ಗುಡುಗು ಸಪ್ಪೆಯಾಗಿದೆ ಎನ್ನಿಸಿ ಎಲ್‌ಎಫ್‌ಇ ಫೇಡರನ್ನು ಮೇಲೇರಿಸುತ್ತಲೇ ಹೋದೆ. ಅದೇ ಫೈಲನ್ನು ಸ್ನೇಹಿತನ ಮನೆಯ ರಿಸೀವರಿನಲ್ಲಿ ಹಾಕಿದಾಗ ಮೊದಲ ಗುಡುಗಿಗೇ ಗಾಜಿನ ಕಪಾಟಿನ ಬಾಗಿಲು ಗಡಗಡ ನಡುಗಿತು, ಅದರ ಹಿಂದೆಯೇ ಬಂದ ಎರಡು ಸಾಲು ಮಾತು ಕೇಳಿಸಲೇ ಇಲ್ಲ. ತಪ್ಪಿದ್ದದ್ದು ಮಿಕ್ಸ್ ಮಾಡುವ ನನ್ನ ಕೋಣೆಯಲ್ಲಿ. ಫೇಡರನ್ನು ಮುಟ್ಟುವ ಬದಲು ಸಬ್‌ವೂಫರಿಗೆ ಹೋಗುವ ಎಲ್‌ಎಫ್‌ಇ ಸಂಕೇತವನ್ನು ಮಾನಿಟರಿಂಗ್ ಹಾದಿಯಲ್ಲಿ ಏರಿಸಬೇಕಿತ್ತು.

ಯಾವ ಉಪಕರಣಗಳು ಬೇಕು?

ಕಡಿಮೆಯೆಂದರೆ ಆರು ಔಟ್‌ಪುಟ್‌ಗಳಿರುವ ಸೌಂಡ್ ಕಾರ್ಡ್ ಅಥವಾ ಆಡಿಯೋ ಇಂಟರ್‌ಫೇಸ್, ಇಲ್ಲವೇ ಎಚ್‌ಡಿಎಂಐ ಮೂಲಕ ಜೋಡಿಸಿದ ರಿಸೀವರ್. ಎಚ್‌ಡಿಎಂಐ ಕೇಬಲ್ ಎಂಟು ಚಾನೆಲ್‌ಗಳವರೆಗಿನ ಪಿಸಿಎಂ ಧ್ವನಿಯನ್ನು, ಅಂದರೆ ಸಂಕುಚಿತಗೊಳಿಸದ ಡಿಜಿಟಲ್ ಧ್ವನಿಯನ್ನು, ಹಾಗೆಯೇ ಒಯ್ಯಬಲ್ಲದು. ಆಪ್ಟಿಕಲ್ ಕೇಬಲ್‌ಗೆ ಆ ಸಾಮರ್ಥ್ಯವಿಲ್ಲ. ಅದರಲ್ಲಿ ಹೋಗುವುದು ಎರಡು ಚಾನೆಲ್‌ಗಳ ಪಿಸಿಎಂ, ಇಲ್ಲವೇ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಈಗಾಗಲೇ ಎನ್‌ಕೋಡ್ ಆದ ಧ್ವನಿ. ಮಿಕ್ಸ್ ಮಾಡುತ್ತಿರುವಾಗಲೇ ಆರೂ ಚಾನೆಲ್ ಕೇಳಬೇಕೆಂದಿದ್ದರೆ ಆಪ್ಟಿಕಲ್ ಹಾದಿಯನ್ನು ಕೈಬಿಡಿ.

ಮದರ್‌ಬೋರ್ಡಿನ ಹಿಂಬದಿಯ ಜ್ಯಾಕ್‌ಗಳನ್ನು ಬಳಸುವವರು ಬಣ್ಣಗಳನ್ನು ಗಮನಿಸಬೇಕು. ರೂಢಿಯಂತೆ ಹಸಿರು ಮುಂಭಾಗದ ಎಡ-ಬಲಕ್ಕೆ, ಕಪ್ಪು ಸರೌಂಡ್ ಜೋಡಿಗೆ, ಕಿತ್ತಳೆ ಮಧ್ಯ ಮತ್ತು ಸಬ್‌ವೂಫರಿಗೆ. ಕಿತ್ತಳೆ ಜ್ಯಾಕಿನೊಳಗೆ ಮಧ್ಯದ ಚಾನೆಲ್ಲೂ ಎಲ್‌ಎಫ್‌ಇಯೂ ಒಂದೇ ತಂತಿಯ ಎರಡು ಬದಿಗಳಾಗಿರುವುದರಿಂದ, ಕೆಲವು ಸ್ಪೀಕರ್ ಸೆಟ್‌ಗಳಲ್ಲಿ ಅವೆರಡೂ ಅದಲುಬದಲಾಗುತ್ತವೆ. ಮಾತು ಮಾಯವಾಗಿ ಸಬ್‌ವೂಫರಿನಿಂದ ಗೊಣಗಾಟ ಮಾತ್ರ ಬರುತ್ತಿದ್ದರೆ ಮೊದಲು ಇದನ್ನು ಶಂಕಿಸಿ.

ಸ್ಪೀಕರುಗಳನ್ನು ಎಲ್ಲಿಡಬೇಕು, ಮಟ್ಟವನ್ನು ಹೇಗೆ ಹೊಂದಿಸಬೇಕು?

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್.775 ಶಿಫಾರಸಿನ ಪ್ರಕಾರ, ಮಧ್ಯದ ಸ್ಪೀಕರ್ ನೇರ ಎದುರಿಗೆ, ಎಡ-ಬಲ ಸ್ಪೀಕರುಗಳು ಅದರಿಂದ 30 ಡಿಗ್ರಿ ಆಚೀಚೆ, ಸರೌಂಡ್ ಸ್ಪೀಕರುಗಳು 100ರಿಂದ 120 ಡಿಗ್ರಿಗಳ ನಡುವೆ ಇರಬೇಕು. ಸರೌಂಡ್ ಎಂದೊಡನೆ ಬೆನ್ನ ಹಿಂದಿನ ಗೋಡೆಗೆ ಹೊಡೆಯುವವರಿದ್ದಾರೆ. 110 ಡಿಗ್ರಿ ಎಂದರೆ ಕಿವಿಗಿಂತ ಸ್ವಲ್ಪವೇ ಹಿಂದೆ ಎಂಬುದನ್ನು ನೆನಪಿಡಿ.

ಐದೂ ಸ್ಪೀಕರುಗಳು ಕೂರುವ ಜಾಗದಿಂದ ಸಮಾನ ದೂರದಲ್ಲಿರಬೇಕು. ಕೋಣೆ ಅದಕ್ಕೆ ಅವಕಾಶ ಕೊಡದಿದ್ದರೆ ಹತ್ತಿರದ ಸ್ಪೀಕರಿಗೆ ವಿಳಂಬ ಕೊಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ ಒಂದು ಮೀಟರ್ ವ್ಯತ್ಯಾಸಕ್ಕೆ 2.9 ಮಿಲಿಸೆಕೆಂಡ್ ಸಾಕು. ಮಟ್ಟಕ್ಕೆ ಪಿಂಕ್ ನಾಯ್ಸ್ (ಎಲ್ಲ ಶ್ರುತಿಗಳೂ ಬೆರೆತ ಪರೀಕ್ಷಾ ಸದ್ದು) ಮತ್ತು ಒಂದು ಶಬ್ದಮಾಪಕ ಬೇಕು. ಪೂರ್ಣ ಮಟ್ಟಕ್ಕಿಂತ 20 ಡೆಸಿಬಲ್ ಕೆಳಗಿನ ಪಿಂಕ್ ನಾಯ್ಸನ್ನು ಒಂದೊಂದೇ ಸ್ಪೀಕರಿನಿಂದ ನುಡಿಸಿ, ಕೂರುವ ಜಾಗದಲ್ಲಿ ‘ಸಿ’ ತೂಕ ಮತ್ತು ನಿಧಾನ ಗತಿಯಲ್ಲಿಟ್ಟ ಮಾಪಕದಲ್ಲಿ ಐದೂ ಒಂದೇ ಅಂಕಿ ತೋರುವವರೆಗೆ ಸರಿಪಡಿಸಿ. ಚಿತ್ರಮಂದಿರದ 85 ಡೆಸಿಬಲ್ ಮಟ್ಟ ಸಣ್ಣ ಕೋಣೆಯಲ್ಲಿ ಕಿವಿಗೆ ದಣಿವು ತರುತ್ತದೆ, 75ರಿಂದ 79ರ ನಡುವೆ ಎಲ್ಲಾದರೂ ನಿಲ್ಲಿಸಿ. ಒಮ್ಮೆ ನಿಲ್ಲಿಸಿದ ಮೇಲೆ ವಾಲ್ಯೂಮ್ ಗುಂಡಿಯ ಜಾಗಕ್ಕೆ ಒಂದು ಗುರುತು ಹಾಕಿ, ಮಿಕ್ಸ್ ಮುಗಿಯುವವರೆಗೂ ಅಲ್ಲಿಂದ ಕದಲಿಸಬೇಡಿ. ಪ್ರತಿದಿನ ಬೇರೆ ಬೇರೆ ಮಟ್ಟದಲ್ಲಿ ಕೇಳುತ್ತಾ ಹೋದರೆ ಮಾತಿನ ಮಟ್ಟ ದೃಶ್ಯದಿಂದ ದೃಶ್ಯಕ್ಕೆ ತೂಗಾಡತೊಡಗುತ್ತದೆ.

ಹೆಡ್‌ಫೋನಿನಲ್ಲೇ ಸರೌಂಡ್ ಮಿಕ್ಸ್ ಮಾಡಬಹುದೇ?

ಸಂಕಲನ, ಗದ್ದಲ ತೆಗೆಯುವುದು, ಟ್ರ್ಯಾಕ್‌ಗಳನ್ನು ಜೋಡಿಸುವುದು, ಇವೆಲ್ಲ ಹೆಡ್‌ಫೋನಿನಲ್ಲಿ ಚೆನ್ನಾಗಿ ನಡೆಯುತ್ತವೆ. ಆರು ಚಾನೆಲ್‌ಗಳನ್ನು ಎರಡು ಕಿವಿಗಳಿಗೆ ಅನುಕರಿಸಿ ಕೇಳಿಸುವ ಬೈನಾರಲ್ ಪ್ಲಗಿನ್‌ಗಳೂ ಇವೆ. ಆದರೆ ಕಿವಿಯ ಮತ್ತು ತಲೆಯ ಆಕಾರ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿರುವುದರಿಂದ ಮುಂದಿನ ಮತ್ತು ಹಿಂದಿನ ಸದ್ದುಗಳನ್ನು ಅವು ಸುಲಭವಾಗಿ ಗೊಂದಲಗೊಳಿಸುತ್ತವೆ. ಮಟ್ಟಗಳ ಅಂತಿಮ ನಿರ್ಧಾರವನ್ನು ನಿಜವಾದ ಸ್ಪೀಕರುಗಳಲ್ಲಿ ಒಮ್ಮೆಯಾದರೂ ಕೇಳಿಯೇ ಮಾಡಿ.

ಯಾವ ಸಾಫ್ಟ್‌ವೇರ್ ಸೂಕ್ತ?

ಪ್ರತಿ ಟ್ರ್ಯಾಕಿಗೂ ಬಸ್ಸಿಗೂ (ಹಲವು ಟ್ರ್ಯಾಕ್‌ಗಳು ಸೇರುವ ಹಾದಿಗೂ) ಆರು ಚಾನೆಲ್‌ಗಳನ್ನು ಕೊಡಬಲ್ಲ, ಸರೌಂಡ್ ಪ್ಯಾನರ್ (ಸದ್ದನ್ನು ಯಾವ ಸ್ಪೀಕರಿನತ್ತ ಕಳುಹಿಸಬೇಕೆಂದು ಹೊಂದಿಸುವ ಸಾಧನ) ಇರುವ ಯಾವುದಾದರೂ ಸರಿ. ರೀಪರ್‌ನಲ್ಲಿ ರೀಸರೌಂಡ್‌ಪ್ಯಾನ್ ಎಂಬ ಪ್ಯಾನರ್ ಜೊತೆಗೇ ಬರುತ್ತದೆ. ವಿಡಿಯೋ ಜೊತೆ ಕೆಲಸ ಮಾಡುವವರಿಗೆ ಡಾವಿಂಚಿ ರಿಸಾಲ್ವ್‌ನ ಫೇರ್‌ಲೈಟ್ ಪುಟ ಹಿತವೆನಿಸುತ್ತದೆ. ಆಡಾಸಿಟಿ ಆರು ಟ್ರ್ಯಾಕ್‌ಗಳನ್ನು ಆರು ಚಾನೆಲ್‌ಗಳ ಒಂದೇ ಫೈಲಾಗಿ ಹೊರತರಬಲ್ಲದು, ಆದರೆ ಅದರಲ್ಲಿ ಸರೌಂಡ್ ಪ್ಯಾನರ್ ಇಲ್ಲ. ಬೇರೆಡೆ ಸಿದ್ಧವಾದ ಆರು ಮೋನೋ ಫೈಲುಗಳನ್ನು ಒಟ್ಟುಗೂಡಿಸಲು ಮಾತ್ರ ಅದನ್ನು ಬಳಸಿ. ಎನ್‌ಕೋಡಿಂಗ್‌ಗೆ ಎಫ್‌ಎಫ್‌ಎಂಪೆಗ್ ಒಂದೇ ಸಾಕಾಗುತ್ತದೆ. ಅದು ಉಚಿತ, ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲೂ ನಡೆಯುತ್ತದೆ.

ಮಾತನ್ನು ಮಧ್ಯದ ಚಾನೆಲ್‌ನಲ್ಲೇ ಇಡಬೇಕೇ?

ಚಿತ್ರಗಳ ಮಟ್ಟಿಗೆ ಹೌದು, ಬಹುತೇಕ ಯಾವಾಗಲೂ. ಎಡ-ಬಲ ಎರಡರಲ್ಲೂ ಸಮನಾಗಿ ಇಟ್ಟ ಮಾತು ನಟ್ಟನಡುವೆ ಕೂತವರಿಗಷ್ಟೇ ಮಧ್ಯದಿಂದ ಬಂದಂತೆ ಕೇಳಿಸುತ್ತದೆ. ಪಕ್ಕದ ಕುರ್ಚಿಗೆ ಸರಿದವರಿಗೆ ಹತ್ತಿರದ ಸ್ಪೀಕರಿನ ಸದ್ದು ಮೊದಲು ತಲಪುವುದರಿಂದ, ಮಾತನಾಡುವವರು ಪರದೆಯ ಆ ಮೂಲೆಗೆ ಜಾರಿಬಿಡುತ್ತಾರೆ. ಮಧ್ಯದ ಸ್ಪೀಕರ್ ಇರುವುದೇ ಇದನ್ನು ತಪ್ಪಿಸಲು. ಒಂದೇ ಮಾತನ್ನು ಮೂರೂ ಮುಂಭಾಗದ ಚಾನೆಲ್‌ಗಳಲ್ಲಿ ಹರಡುವುದು ಇನ್ನೂ ಕೆಟ್ಟದ್ದು. ಮೂರು ಕಡೆಯಿಂದ ಬರುವ ಅದೇ ಅಲೆಗಳು ಒಂದರೊಡನೊಂದು ಬೆರೆತು ಕೆಲವು ಶ್ರುತಿಗಳನ್ನು ಅಳಿಸಿಹಾಕುವುದರಿಂದ ಧ್ವನಿ ಕೊಳವೆಯೊಳಗಿಂದ ಬಂದಂತಾಗುತ್ತದೆ.

ಸಂಗೀತದಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಗಾಯಕರ ದನಿಯನ್ನು ಮಧ್ಯಕ್ಕೆ ಮುಖ್ಯವಾಗಿ ಕೊಟ್ಟು, ಅದರ ರಿವರ್ಬನ್ನು (ಅನುರಣನವನ್ನು) ಎಡ-ಬಲ ಹಾಗೂ ಸರೌಂಡ್‌ಗಳಿಗೆ ಹರಡಿದರೆ ದನಿ ಒಂಟಿಯಾಗಿ ನಿಂತಂತೆ ಅನ್ನಿಸುವುದಿಲ್ಲ.

ಸರೌಂಡ್ ಚಾನೆಲ್‌ಗಳಿಗೆ ಏನನ್ನು ಕೊಡಬೇಕು?

ಹೆಚ್ಚಿನ ಕಡೆ, ಆ ಜಾಗದ ಗಾಳಿಯನ್ನು. ಮಳೆ, ಜನಸಂದಣಿಯ ಗುಜುಗುಜು, ಹಜಾರದ ಅನುರಣನ, ದೂರದ ರಸ್ತೆ, ಇಂಥ ದಿಕ್ಕು ತೋರದ ಸದ್ದುಗಳು ಅಲ್ಲಿ ನೆಲೆಗೊಂಡಾಗ ಕೇಳುಗರು ಸ್ಪೀಕರನ್ನು ಮರೆತು ದೃಶ್ಯದೊಳಕ್ಕೆ ಬರುತ್ತಾರೆ. ಮುಂದೆ ಹಾಕಿದ ಅದೇ ಸ್ಟೀರಿಯೋ ಮಳೆಯನ್ನು ನಕಲು ಮಾಡಿ ಹಿಂದೆ ಹಾಕಬೇಡಿ. ಅದೇ ಮುದ್ರಣದ ಬೇರೊಂದು ನಿಮಿಷದ ತುಣುಕನ್ನು ಹಾಕಿ ನೋಡಿ: ಮೊದಲಿನದು ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ನಡುವೆ ತೂಗಾಡುತ್ತಿದ್ದರೆ, ಎರಡನೆಯದು ಸುತ್ತಲೂ ಸುರಿಯತೊಡಗುತ್ತದೆ. ಎರಡು ತುಣುಕುಗಳ ಹನಿಗಳಿಗೆ ಪರಸ್ಪರ ಸಂಬಂಧವಿಲ್ಲದಿರುವುದೇ ಇದಕ್ಕೆ ಕಾರಣ.

ಹಿಂದಿನಿಂದ ತಟ್ಟನೆ ಬರುವ ಬಾಗಿಲ ಸದ್ದು, ಹಾರಿಹೋಗುವ ಹಕ್ಕಿ, ಇವು ತಲೆಯನ್ನು ಹೊರಳಿಸಿಬಿಡುತ್ತವೆ. ಕಥೆಗೆ ಆ ಹೊರಳುವಿಕೆ ಬೇಕಿದ್ದರೆ ಬಳಸಿ, ಇಲ್ಲದಿದ್ದರೆ ಬೇಡ.

ನನ್ನ ಬಳಿ ಸ್ಟೀರಿಯೋ ಹಾಡು ಮಾತ್ರ ಇದೆ. ಅದನ್ನು 5.1 ಮಾಡಬಹುದೇ?

ಅಪ್‌ಮಿಕ್ಸ್ ಮಾಡಬಹುದು. ಎಡ ಮತ್ತು ಬಲಕ್ಕೆ ಸಮಾನವಾದುದನ್ನು ಮಧ್ಯಕ್ಕೂ, ಅವೆರಡರ ವ್ಯತ್ಯಾಸವನ್ನು ಸರೌಂಡ್‌ಗೂ ಕೊಡುವುದು ಇದರ ಹಳೆಯ ಮತ್ತು ಸರಳ ವಿಧಾನ. ಸರೌಂಡನ್ನು 10ರಿಂದ 20 ಮಿಲಿಸೆಕೆಂಡ್ ತಡಮಾಡಿದರೆ, ಮೊದಲು ತಲಪಿದ ಸದ್ದಿನ ದಿಕ್ಕನ್ನೇ ಕಿವಿ ನಂಬುವುದರಿಂದ, ಹಾಡು ಮುಂದೆಯೇ ನಿಲ್ಲುತ್ತದೆ. ಆದರೆ ಮೂಲ ಎಂಪಿ3 ಆಗಿದ್ದರೆ ಈ ಪ್ರಯತ್ನವನ್ನು ಬಿಡುವುದೇ ಮೇಲು. ಎಂಪಿ3 ಎನ್‌ಕೋಡರ್ ತನ್ನ ದೋಷಗಳನ್ನು ಜೋರಾದ ಸದ್ದಿನ ಮರೆಯಲ್ಲಿ ಅಡಗಿಸಿಟ್ಟಿರುತ್ತದೆ. ವ್ಯತ್ಯಾಸವನ್ನು ಬೇರ್ಪಡಿಸಿದಾಗ ಆ ಮರೆ ಸರಿದು, ನೀರೊಳಗೆ ಗುಳುಗುಳು ಎನ್ನುವಂಥ ಸದ್ದು ಹಿಂದಿನ ಸ್ಪೀಕರುಗಳಿಂದ ಬೆತ್ತಲೆಯಾಗಿ ಕೇಳಿಸುತ್ತದೆ. ಬಹುಟ್ರ್ಯಾಕ್ ಮುದ್ರಣ ಸಿಗುವಂತಿದ್ದರೆ ಅದಕ್ಕಾಗಿ ಕಾಯುವುದು ಸಾರ್ಥಕ.

ಎನ್‌ಕೋಡ್ ಮಾಡಿದ ಮೇಲೆ ಮಾತು ಹಿಂದಿನ ಸ್ಪೀಕರಿನಿಂದ ಬರುತ್ತಿದೆ. ಏಕೆ?

ಚಾನೆಲ್‌ಗಳ ಕ್ರಮ ತಪ್ಪಿದೆ. ಆರು ಚಾನೆಲ್‌ಗಳನ್ನು ಜೋಡಿಸುವ ಕ್ರಮ ಎಲ್ಲೆಡೆ ಒಂದೇ ಅಲ್ಲ. ವೇವ್ ಮತ್ತು ಫ್ಲ್ಯಾಕ್ ಫೈಲುಗಳಲ್ಲಿ ಎಡ, ಬಲ, ಮಧ್ಯ, ಎಲ್‌ಎಫ್‌ಇ, ಎಡ ಸರೌಂಡ್, ಬಲ ಸರೌಂಡ್ ಎಂಬ ಕ್ರಮವಿದೆ. ಸಿನಿಮಾ ಸ್ಟುಡಿಯೋಗಳ ಹಳೆಯ ರೂಢಿ ಎಡ, ಮಧ್ಯ, ಬಲ, ಎಡ ಸರೌಂಡ್, ಬಲ ಸರೌಂಡ್, ಎಲ್‌ಎಫ್‌ಇ. ಡಿಟಿಎಸ್ ಕೆಲಸದ ಹರಿವಿನಲ್ಲಿ ಎಡ, ಬಲ, ಎಡ ಸರೌಂಡ್, ಬಲ ಸರೌಂಡ್, ಮಧ್ಯ, ಎಲ್‌ಎಫ್‌ಇ ಎಂಬ ಮೂರನೆಯ ಕ್ರಮ ಸಿಗುತ್ತದೆ. ಮಿಕ್ಸ್ ಮಾಡಿದ ಸಾಫ್ಟ್‌ವೇರ್ ಒಂದು ಕ್ರಮದಲ್ಲಿ ಬರೆದು, ಎನ್‌ಕೋಡರ್ ಇನ್ನೊಂದು ಕ್ರಮದಲ್ಲಿ ಓದಿದರೆ ಸಂಗತಿಗಳು ಹೀಗೆಯೇ ಅದಲುಬದಲಾಗುತ್ತವೆ.

ಇದಕ್ಕೆ ನಾನು ಬಳಸುವ ಉಪಾಯ ಸರಳವಾದದ್ದು. ‘ಮುಂದಿನ ಎಡ’, ‘ಮಧ್ಯ’, ‘ಬಲ ಸರೌಂಡ್’ ಎಂದು ನನ್ನ ದನಿಯಲ್ಲೇ ಹೇಳಿ, ಪ್ರತಿ ಮಾತನ್ನೂ ಅದರದೇ ಚಾನೆಲ್‌ನಲ್ಲಿ ಇಟ್ಟು, ಎಲ್‌ಎಫ್‌ಇಗೆ 50 ಹರ್ಟ್ಸ್‌ನ ಒಂದು ಸ್ವರವನ್ನು ಕೊಟ್ಟು, ಅರ್ಧ ನಿಮಿಷದ ಪರೀಕ್ಷಾ ಫೈಲನ್ನು ಸಿದ್ಧಪಡಿಸಿದ್ದೇನೆ. ಯಾವ ಹೊಸ ಸಾಫ್ಟ್‌ವೇರ್, ಹೊಸ ಕೇಬಲ್, ಹೊಸ ಪ್ಲೇಯರ್ ಬಂದರೂ ಮೊದಲು ಅದನ್ನೇ ಇಡೀ ಹಾದಿಯಲ್ಲಿ ಒಮ್ಮೆ ಓಡಿಸುತ್ತೇನೆ. ಹೇಳಿದ ಜಾಗದಿಂದಲೇ ದನಿ ಬಂದರೆ ಮುಂದಿನ ಕೆಲಸ.

ಇದೇ ಜಾತಿಯ ಸೂಕ್ಷ್ಮ ತೊಂದರೆ ಇನ್ನೊಂದಿದೆ. 5.1ರ ಸರೌಂಡ್ ಜೋಡಿಗೆ ಕೆಲವು ಫೈಲುಗಳಲ್ಲಿ ‘ಪಕ್ಕ’ ಎಂದೂ ಕೆಲವುಗಳಲ್ಲಿ ‘ಹಿಂದೆ’ ಎಂದೂ ಹಣೆಪಟ್ಟಿ ಇರುತ್ತದೆ. 5.1 ಸ್ಪೀಕರ್ ಇರುವವರಿಗೆ ಸಾಮಾನ್ಯವಾಗಿ ಇದು ತಿಳಿಯುವುದೇ ಇಲ್ಲ, 7.1 ಇರುವವರ ಮನೆಯಲ್ಲಿ ಮಾತ್ರ ಸದ್ದು ನಿರೀಕ್ಷಿಸಿದ ಜೋಡಿಯನ್ನು ಬಿಟ್ಟು ಇನ್ನೊಂದರಿಂದ ಬರುತ್ತದೆ.

ಮಾಸ್ಟರ್ ಫೈಲನ್ನು ಯಾವ ರೂಪದಲ್ಲಿ ಉಳಿಸಬೇಕು?

48 ಕಿಲೋಹರ್ಟ್ಸ್, 24 ಬಿಟ್, ಸಂಕುಚಿತಗೊಳಿಸದ ರೂಪದಲ್ಲಿ. ಆರು ಚಾನೆಲ್‌ಗಳಿಗೆ ಇದು ಸೆಕೆಂಡಿಗೆ 8,64,000 ಬೈಟ್‌ಗಳಾಗುತ್ತದೆ, ಗಂಟೆಗೆ ಸುಮಾರು 3.1 ಗಿಗಾಬೈಟ್. ಸಾಮಾನ್ಯ ವೇವ್ ಫೈಲಿನ ಗಾತ್ರ ಬರೆದಿಡುವ ಜಾಗ 32 ಬಿಟ್ ಮಾತ್ರ ಇರುವುದರಿಂದ 4 ಗಿಗಾಬೈಟ್ ದಾಟುವಂತಿಲ್ಲ, ಎಂದರೆ 82 ನಿಮಿಷ ಕಳೆಯುತ್ತಿದ್ದಂತೆ ಮಿತಿ ಮುಟ್ಟುತ್ತದೆ. ಅದಕ್ಕಿಂತ ಉದ್ದದ ಕೃತಿಗೆ ಆರ್‌ಎಫ್64 ಅಥವಾ ಡಬ್ಲ್ಯೂ64 ರೂಪವನ್ನು ಆರಿಸಿ, ಇಲ್ಲವೇ ಆರು ಮೋನೋ ಫೈಲುಗಳಾಗಿ ಇಡಿ. ಸಂಗ್ರಹಕ್ಕೆ ಫ್ಲ್ಯಾಕ್ ಉತ್ತಮ. ಅದು ಎಂಟು ಚಾನೆಲ್‌ಗಳವರೆಗೆ ಒಂದು ಬಿಟ್ಟನ್ನೂ ಕಳೆಯದೆ ಉಳಿಸುತ್ತದೆ.

ಯಾವ ಕೋಡೆಕ್, ಯಾವ ಬಿಟ್‌ರೇಟ್?

ಕೋಡೆಕ್ ಎಂದರೆ ಧ್ವನಿಯನ್ನು ಸಂಕುಚಿತಗೊಳಿಸಿ ಮತ್ತೆ ಬಿಡಿಸುವ ವಿಧಾನ, ಬಿಟ್‌ರೇಟ್ ಎಂದರೆ ಪ್ರತಿ ಸೆಕೆಂಡಿಗೆ ಅದು ಬಳಸುವ ಬಿಟ್‌ಗಳ ಸಂಖ್ಯೆ. ಆಯ್ಕೆ ಎಲ್ಲಿ ನುಡಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಹಳೆಯ ರಿಸೀವರಿನಿಂದ ಹಿಡಿದು ಹೊಸ ಟಿವಿಯವರೆಗೆ ಎಲ್ಲೆಡೆ ನುಡಿಯಬೇಕಾದರೆ ಎಸಿ-3, ಅಂದರೆ ಡಾಲ್ಬಿ ಡಿಜಿಟಲ್. ಇದರ ಗರಿಷ್ಠ ಮಿತಿ ಸೆಕೆಂಡಿಗೆ 640 ಕಿಲೋಬಿಟ್, ಡಿವಿಡಿಯಲ್ಲಿ 448. ಡಿವಿಡಿಗೆ 48 ಕಿಲೋಹರ್ಟ್ಸ್ ಕಡ್ಡಾಯ. ಬಿಟ್‌ರೇಟ್ ತಗ್ಗಿದಾಗ ಎಸಿ-3 ಹಲವು ಚಾನೆಲ್‌ಗಳ ತಾರ ಶ್ರುತಿಗಳನ್ನು ಒಂದಾಗಿ ಬೆಸೆದು ಕಳುಹಿಸುವುದರಿಂದ, ಮಳೆ ಮತ್ತು ಚಪ್ಪಾಳೆಯಂಥ ಸದ್ದುಗಳ ಹರವು ಮೊದಲು ಕುಗ್ಗುತ್ತದೆ. ಡಿವಿಡಿಗೆ 448, ಫೈಲಾಗಿ ಇಡುವುದಾದರೆ 640, ಅದಕ್ಕಿಂತ ಕೆಳಗೆ ಇಳಿಯಬೇಡಿ. ಎಸಿ-3ರಲ್ಲಿ 7.1 ಇಲ್ಲ, ಅದಕ್ಕೆ ಇಎಸಿ-3 ಬೇಕು.

ಕಂಪ್ಯೂಟರಿನಲ್ಲೋ ಫೋನಿನಲ್ಲೋ ನುಡಿಸುವುದಕ್ಕೆ ಎಎಸಿ 384 ಕಿಲೋಬಿಟ್‌ನಲ್ಲಿ ಚೆನ್ನಾಗಿರುತ್ತದೆ, ಓಪಸ್ ಅದಕ್ಕೂ ಕಡಿಮೆಯಲ್ಲಿ, 256ರ ಸುಮಾರಿನಲ್ಲೇ ತೃಪ್ತಿಕರ. ಒಂದು ಸಂಕುಚಿತ ರೂಪದಿಂದ ಇನ್ನೊಂದನ್ನು ಮಾಡಬೇಡಿ, ಪ್ರತಿ ಬಾರಿಯೂ ಮಾಸ್ಟರಿನಿಂದಲೇ ಹೊರಡಿ.

ನನ್ನ ಎಸಿ-3 ಫೈಲ್ ಮಾಸ್ಟರಿಗಿಂತ ಮೆತ್ತಗೆ ಕೇಳಿಸುತ್ತಿದೆ. ಎನ್‌ಕೋಡರ್ ಹಾಳಾಗಿದೆಯೇ?

ಇಲ್ಲ. ಎಸಿ-3 ಫೈಲಿನಲ್ಲಿ ಡಯಲಾಗ್ ನಾರ್ಮಲೈಸೇಶನ್ ಎಂಬ ಸಂಖ್ಯೆಯೊಂದು ಇರುತ್ತದೆ. ಮಾತಿನ ಸರಾಸರಿ ಮಟ್ಟ ಎಷ್ಟೆಂದು ಅದು ಡಿಕೋಡರಿಗೆ ತಿಳಿಸುತ್ತದೆ, ಡಿಕೋಡರ್ ಮಾತನ್ನು −31 ಡೆಸಿಬಲ್‌ಗೆ ತರಲು ಒಟ್ಟು ಧ್ವನಿಯನ್ನು ತಗ್ಗಿಸುತ್ತದೆ. −27 ಎಂದು ಬರೆದಿದ್ದರೆ 4 ಡೆಸಿಬಲ್ ತಗ್ಗುತ್ತದೆ, −31 ಎಂದಿದ್ದರೆ ಏನೂ ಬದಲಾಗದು. ಬೇರೆ ಬೇರೆ ಕಾರ್ಯಕ್ರಮಗಳ ಮಾತು ಒಂದೇ ಮಟ್ಟದಲ್ಲಿ ಕೇಳಿಸಲಿ ಎಂಬ ಒಳ್ಳೆಯ ಉದ್ದೇಶದಿಂದ ಇದನ್ನು ಇಟ್ಟಿದ್ದಾರೆ. ಆದ್ದರಿಂದ ‘ಜೋರಾಗಲಿ’ ಎಂದು −31 ಬರೆದು ಬಿಡುವ ಬದಲು, ನಿಮ್ಮ ಮಾತಿನ ಮಟ್ಟವನ್ನು ಅಳೆದು ಅದೇ ಸಂಖ್ಯೆಯನ್ನು ಬರೆಯುವುದು ಕೇಳುಗರಿಗೆ ನೀವು ತೋರುವ ಗೌರವ.

ಅಳೆಯಲು ದೂರಸಂಪರ್ಕ ಒಕ್ಕೂಟದ ಬಿಎಸ್.1770 ಶಿಫಾರಸನ್ನು ಅನುಸರಿಸುವ ಲೌಡ್‌ನೆಸ್ ಮೀಟರ್ ಬಳಸಿ. ಅದು ಸರೌಂಡ್ ಚಾನೆಲ್‌ಗಳಿಗೆ ಸುಮಾರು 1.5 ಡೆಸಿಬಲ್ ಹೆಚ್ಚು ತೂಕ ಕೊಡುತ್ತದೆ, ಎಲ್‌ಎಫ್‌ಇಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯೂರೋಪಿನ ಪ್ರಸಾರ ಪದ್ಧತಿಯ ಆರ್128 ಕೇಳುವ ಒಟ್ಟು ಮಟ್ಟ −23 ಎಲ್‌ಯುಎಫ್‌ಎಸ್ (ಲೌಡ್‌ನೆಸ್‌ನ ಏಕಮಾನ).

ಎರಡೇ ಸ್ಪೀಕರ್ ಇರುವವರಿಗೆ ನನ್ನ ಮಿಕ್ಸ್ ಹೇಗೆ ಕೇಳಿಸುತ್ತದೆ?

ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು, ಏಕೆಂದರೆ ನಿಮ್ಮ ಕೇಳುಗರಲ್ಲಿ ಅನೇಕರು ಅಂಥವರೇ ಆಗಿರುತ್ತಾರೆ. ಪ್ಲೇಯರ್ ಆಗ ಡೌನ್‌ಮಿಕ್ಸ್ ಮಾಡುತ್ತದೆ, ಅಂದರೆ ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುತ್ತದೆ. ರೂಢಿಯ ಸೂತ್ರದಲ್ಲಿ ಎಡಕ್ಕೆ ಎಡ ಚಾನೆಲ್ ಪೂರ್ತಿಯಾಗಿ, ಮಧ್ಯ 3 ಡೆಸಿಬಲ್ ತಗ್ಗಿಸಿ, ಎಡ ಸರೌಂಡ್ 3 ಡೆಸಿಬಲ್ ತಗ್ಗಿಸಿ ಸೇರುತ್ತವೆ. ಬಲಕ್ಕೂ ಹಾಗೆಯೇ. ಎಲ್‌ಎಫ್‌ಇಯನ್ನು ಸಾಮಾನ್ಯವಾಗಿ ಬಿಟ್ಟೇಬಿಡಲಾಗುತ್ತದೆ, ಆದ್ದರಿಂದ ಗುಡುಗಿನ ತಳ ಅಲ್ಲಿ ಮಾತ್ರ ಇದ್ದರೆ ಈ ಕೇಳುಗರ ಪಾಲಿಗೆ ಗುಡುಗೇ ಇಲ್ಲ. ಮೂರೂ ಚಾನೆಲ್‌ಗಳು ಒಂದೇ ಕ್ಷಣ ತುದಿ ಮುಟ್ಟಿದರೆ ಮೊತ್ತ 7.7 ಡೆಸಿಬಲ್‌ನಷ್ಟು ಮಿತಿ ಮೀರಬಹುದು. ಪ್ಲೇಯರ್ ಒಟ್ಟು ಧ್ವನಿಯನ್ನು ತಗ್ಗಿಸಿ ಇದನ್ನು ತಪ್ಪಿಸುತ್ತದೆ, ಇಲ್ಲವೇ ಸದ್ದು ಒಡೆಯುತ್ತದೆ.

ಮಿಕ್ಸ್ ಮಾಡುವಾಗಲೇ ಇದೇ ಸೂತ್ರದ ಒಂದು ಸ್ಟೀರಿಯೋ ಬಸ್ ಇಟ್ಟುಕೊಂಡು ಒಂದು ಗುಂಡಿಯಿಂದ ಅದಕ್ಕೆ ಹೊರಳುವಂತೆ ಮಾಡಿಕೊಳ್ಳಿ. ಮಾತು ಹೂತುಹೋಗುವ ದೃಶ್ಯಗಳು ಕೂಡಲೇ ಕೈಗೆ ಸಿಗುತ್ತವೆ. ಸರೌಂಡ್ ತೀರಾ ದಟ್ಟವಾಗಿದ್ದರೆ, ಎಸಿ-3 ಎನ್‌ಕೋಡ್ ಮಾಡುವಾಗ ಸರೌಂಡಿನ ಡೌನ್‌ಮಿಕ್ಸ್ ಮಟ್ಟವನ್ನು −6ಕ್ಕೆ ಇಳಿಸುವ ಆಯ್ಕೆಯೂ ಇದೆ.

ಡಿಟಿಎಸ್ ಫೈಲ್ ಹಾಕಿದರೆ ಬರೀ ಕರ್ಕಶ ಗದ್ದಲ ಬರುತ್ತಿದೆ. ಏನು ಮಾಡಲಿ?

ತಕ್ಷಣ ನಿಲ್ಲಿಸಿ. ವೇವ್ ಹೊದಿಕೆಯೊಳಗೆ ಇಟ್ಟ ಡಿಟಿಎಸ್ ಧ್ವನಿಯನ್ನು ಪ್ಲೇಯರ್ ಗುರುತಿಸದೆ ಸಾಮಾನ್ಯ ಪಿಸಿಎಂ ಎಂದು ನುಡಿಸುತ್ತಿದೆ. ಈ ಗದ್ದಲ ಬಹಳ ಜೋರಾಗಿರುವುದರಿಂದ ಕಿವಿಗೂ ಸ್ಪೀಕರಿಗೂ ಅಪಾಯ. ಡಿಕೋಡ್ ಮಾಡಬಲ್ಲ ಪ್ಲೇಯರ್ ಬಳಸಿ, ಅಥವಾ ಬಿಟ್‌ಗಳನ್ನು ಹಾಗೆಯೇ ರಿಸೀವರಿಗೆ ದಾಟಿಸುವ ಪಾಸ್‌ಥ್ರೂ ಆಯ್ಕೆಯನ್ನು ತೆರೆಯಿರಿ. ಪಾಸ್‌ಥ್ರೂನಲ್ಲಿ ಕಂಪ್ಯೂಟರಿನ ವಾಲ್ಯೂಮ್ ಗುಂಡಿ ನೂರಕ್ಕೆ ನೂರು ಇರಬೇಕು. ಬಿಟ್‌ಗಳು ಬದಲಾದರೆ ರಿಸೀವರಿಗೆ ಆ ಧ್ವನಿ ಗುರುತು ಸಿಗುವುದಿಲ್ಲ.

ಕೊನೆಯ ಪರೀಕ್ಷೆಯನ್ನು ಹೇಗೆ ಮಾಡಬೇಕು?

ಎನ್‌ಕೋಡ್ ಆದ ಫೈಲನ್ನು ಮತ್ತೆ ಆರು ಚಾನೆಲ್‌ಗಳ ವೇವ್ ಆಗಿ ಬಿಚ್ಚಿ, ಮಾಸ್ಟರಿನ ಪಕ್ಕದಲ್ಲಿ ಟ್ರ್ಯಾಕ್‌ಗಳಾಗಿ ಇಟ್ಟು, ಒಂದೊಂದೇ ಚಾನೆಲನ್ನು ಜೋಡಿಯಾಗಿ ನೋಡಿ. ಅಲೆಗಳ ಆಕಾರ, ಮಟ್ಟ ಮತ್ತು ಆರಂಭದ ಕ್ಷಣ ಹೊಂದಬೇಕು. ಕೋಡೆಕ್‌ನಿಂದಾಗುವ ಕೆಲವೇ ಮಿಲಿಸೆಕೆಂಡ್‌ಗಳ ಸರಿಯುವಿಕೆಯನ್ನು ಕಡೆಗಣಿಸಬಹುದು, ಆದರೆ ಅದು ಕೃತಿಯ ಕೊನೆಗೆ ಹೋದಂತೆ ಬೆಳೆಯುತ್ತಿದ್ದರೆ ಎಲ್ಲೋ 44.1 ಮತ್ತು 48 ಕಿಲೋಹರ್ಟ್ಸ್ ಬೆರೆತಿವೆ ಅಥವಾ ಚಿತ್ರದ ಫ್ರೇಮ್ ವೇಗ ಬದಲಾಗಿದೆ ಎಂದರ್ಥ. ಆಮೇಲೆ ಫೈಲನ್ನು ನಿಮ್ಮದಲ್ಲದ ಒಂದು ಕೋಣೆಗೆ ಒಯ್ದು, ಸ್ಪೀಕರುಗಳ ನಟ್ಟನಡುವೆ ಕೂರದೆ, ಒಂದು ಬದಿಯ ಕುರ್ಚಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೂ ಕೇಳಿ.